ಹಂಗಾಮಿ ಕೋಚ್‌ನ ಖಾಯಂ ಮಾಡುವ ಮುಂಚೆ ಇದನ್ನು ಪೂರ್ತಿ ಕೇಳು

ಮರಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ನೋಡಿದೆ. ನಿಮ್ಮ ಫುಟ್‌ಬಾಲ್ ಕ್ಲಬ್ಬಿನ ಹೆಡ್ ಕೋಚ್ ಸೀಸನ್ ನಡುವೆ ಹೋದ, ಸಹಾಯಕನನ್ನು ಹಂಗಾಮಿಯಾಗಿ ಕೂರಿಸಿದಿರಿ, ಅವನು ಸಾಲಾಗಿ ಆರು ಮ್ಯಾಚ್ ಗೆಲ್ಲಿಸಿದ. ಭಾನುವಾರ ಕಮಿಟಿಯಲ್ಲಿ ಅವನನ್ನೇ ಖಾಯಂ ಮಾಡುತ್ತಾರಂತೆ, ನಿನಗೆ ಯಾಕೋ ಭಯ. ಟೈಪ್ ಮಾಡುವುದು ನನ್ನಿಂದ ಆಗದ ಕೆಲಸ, ಮಾತಲ್ಲೇ ಹೇಳುತ್ತೇನೆ. ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಬೇಡಿ. ನನ್ನ ದನಿ ಇಲಿ ಕಿಚಗುಟ್ಟಿದ ಹಾಗೆ ಬರುತ್ತದೆ ಅಂತ ದೊಡ್ಡವಳ ಮಕ್ಕಳು ನಗುವುದು ನನಗೆ ಗೊತ್ತು.

ನಾನು ಸೆಕ್ರೆಟರಿ ಆಗಿದ್ದ ಕಾಲ ನಿಮಗೆಲ್ಲ ಗೊತ್ತೇ ಇದೆಯಲ್ಲ. ಕ್ಲಬ್ ಹೆಸರು ಬೇಡ ಬಿಡು. ಅಲ್ಲೂ ಹೀಗೇ ಆಯಿತು. ಹೆಡ್ ಕೋಚ್‌ಗೂ ಆಟಗಾರರಿಗೂ ಮಾತೇ ನಿಂತುಹೋಗಿತ್ತು, ಅವನನ್ನು ಕಳಿಸಿದರು. ಅವನ ಕೈಕೆಳಗೆ ಒಬ್ಬನಿದ್ದ. ಅದೇ, ನಿಮ್ಮ ಅತ್ತೆ 'ಬಾಯಿಲ್ಲದ ಹುಡುಗ' ಅನ್ನುತ್ತಿದ್ದಳಲ್ಲ, ಅವನೇ. ಅವನಿಗೆ ಟೀಮ್ ಒಪ್ಪಿಸಿದರು. ದೊಡ್ಡ ಬದಲಾವಣೆ ಏನೂ ಮಾಡಲಿಲ್ಲ. ಮೂಲೆಗೆ ತಳ್ಳಿದ್ದ ಇಬ್ಬರನ್ನು ವಾಪಸ್ ಕರೆದ, ಡಿಫೆನ್ಸ್ ಸ್ವಲ್ಪ ಹಿಂದಕ್ಕೆ ಎಳೆದ, ಚೆಂಡು ಸಿಕ್ಕ ತಕ್ಷಣ ಮುಂದಕ್ಕೆ ಓಡಿ ಎಂದ. ಗೆಲುವಿನ ಮೇಲೆ ಗೆಲುವು. ಡರ್ಬಿ, ಅಂದರೆ ನಮ್ಮೂರಿನದೇ ಎದುರಾಳಿ ಟೀಮ್ ಜೊತೆಗಿನ ಮ್ಯಾಚ್, ಗೆದ್ದ ರಾತ್ರಿ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಧ್ಯಕ್ಷರ ಕಣ್ಣಲ್ಲಿ ನೀರು. ಡ್ರೆಸ್ಸಿಂಗ್ ರೂಮಿನಲ್ಲೇ ನಿಂತು ಮೂರು ವರ್ಷದ ಕಾಂಟ್ರ್ಯಾಕ್ಟ್ ಘೋಷಿಸಿಬಿಟ್ಟರು!

ಹಂಗಾಮಿ ಇದ್ದಾಗ ಅವನು ಎಲ್ಲರಿಗೂ ಅಣ್ಣ. ಖಾಯಂ ಆದಮೇಲೆ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು, ಯಾರನ್ನು ಬೆಂಚಿನಲ್ಲಿ ಕೂರಿಸಬೇಕು, ಎಲ್ಲ ಅವನ ತಲೆಗೇ ಬಂತು. ಹೊತ್ತು ಕುಣಿದವರನ್ನೇ ಹೊರಗಿಡಬೇಕಿತ್ತು, ಅವನಿಗೆ ಮನಸ್ಸು ಬರಲಿಲ್ಲ. ಮಂಡಿ ಹೋಗಿದ್ದ ಕ್ಯಾಪ್ಟನ್ ಪ್ರತಿ ಮ್ಯಾಚ್ ಆಡಿದ. ಅಷ್ಟರಲ್ಲಿ ಎದುರಾಳಿಗಳೂ ನಮ್ಮ ಆಟ ಓದಿಕೊಂಡಿದ್ದರು. ಚೆಂಡು ನಮಗೇ ಬಿಟ್ಟುಕೊಟ್ಟು ಸುಮ್ನೆ ಹಿಂದೆ ನಿಂತರು. ಓಡಲು ಜಾಗವೇ ಇಲ್ಲದ ಮೇಲೆ ನಮ್ಮವರಿಗೆ ಏನು ಮಾಡಬೇಕೆಂದೇ ಹೊಳೆಯಲಿಲ್ಲ. ಕೆಳಗಿನ ಡಿವಿಷನ್‌ಗೆ ಬಿದ್ದೆವು. ಅವನನ್ನೂ ತೆಗೆದರು. ಒಮ್ಮೆ ಹೆಡ್ ಕೋಚ್ ಆದವನು ಮತ್ತೆ ಸಹಾಯಕನಾಗಿ ಅಲ್ಲೇ ಹೇಗೆ ನಿಲ್ಲುತ್ತಾನೆ? ಒಳ್ಳೆಯ ಸಹಾಯಕನೂ ಕೈಬಿಟ್ಟು ಹೋದ.

ಅದಕ್ಕೇ ಹೇಳುವುದು, ಗೆದ್ದ ಬಿಸಿಯಲ್ಲಿ ಸಹಿ ಹಾಕಬೇಡಿ.

ದೊಡ್ಡ ಕ್ಲಬ್‌ಗಳೇ ಎಡವಿವೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 2018ರ ಡಿಸೆಂಬರ್‌ನಲ್ಲಿ ಸೋಲ್‌ಷೇರ್ ಹಂಗಾಮಿಯಾಗಿ ಬಂದ. ಮೊದಲ 8 ಮ್ಯಾಚ್‌ಗೆ 8 ಗೆಲುವು. ಪ್ಯಾರಿಸ್‌ಗೆ ಹೋಗಿ ಅಲ್ಲಿನ ಪಿಎಸ್‌ಜಿ ಕ್ಲಬ್ಬನ್ನು 3-1ರಿಂದ ಹೊಡೆದು ಬಂದರು. ಮಾರ್ಚ್ ಕೊನೆಗೆ ಖಾಯಂ ಮಾಡಿದರು, ಸೀಸನ್ ಮುಗಿಯಲು ಎರಡು ತಿಂಗಳೂ ಇರಲಿಲ್ಲ. ಆಮೇಲೆ ಉಳಿದ 10 ಮ್ಯಾಚ್‌ನಲ್ಲಿ ಗೆದ್ದದ್ದು 2. ಏನು ಅವಸರ ಇತ್ತು ಹೇಳು? ಡಿ ಮಾಟೆಯೊ ಅಂತೂ 2012ರಲ್ಲಿ ಹಂಗಾಮಿಯಾಗಿದ್ದಾಗಲೇ ಇಂಗ್ಲೆಂಡಿನ ಇನ್ನೊಂದು ಕ್ಲಬ್ ಚೆಲ್ಸಿಗೆ ಯುರೋಪಿನ ಅತಿ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗನ್ನೇ ತಂದುಕೊಟ್ಟ, ಖಾಯಂ ಆದ, ಅದೇ ನವೆಂಬರ್‌ನಲ್ಲಿ ಮನೆಗೆ ಹೋದ.

ಚಿಕ್ಕಣ್ಣನ ಮಗ ನಿನ್ನ ಮೆಸೇಜ್ ಕೆಳಗೆ 'ಸ್ಕಲೋನಿ, ಸ್ಕಲೋನಿ' ಎಂದು ಬರೆದಿದ್ದಾನೆ. ನೋಡಿದೆ ಕಣೋ. ಅರ್ಜೆಂಟೀನಾಗೆ 2018ರಲ್ಲಿ ಹಂಗಾಮಿಯಾಗಿ ಬಂದು 2022ರಲ್ಲಿ ವಿಶ್ವಕಪ್ ಗೆಲ್ಲಿಸಿದ, ಒಪ್ಪಿದೆ. ಆದರೆ ದೇಶದ ಟೀಮ್‌ನಲ್ಲಿ ಆಟಗಾರರನ್ನು ಕೊಳ್ಳುವುದು, ಮಾರುವುದು ಇಲ್ಲ. ವಾರ ವಾರ ಮ್ಯಾಚ್ ಇಲ್ಲ. ಕ್ಲಬ್ ಲೆಕ್ಕವೇ ಬೇರೆ. ಬೇಕಾದರೆ ಜರ್ಮನಿಯ ಕ್ಲಬ್ ಬಯರ್ನ್‌ನ ಫ್ಲಿಕ್ ಹೆಸರು ಹೇಳು. ಅವನೂ 2019ರ ನವೆಂಬರ್‌ನಲ್ಲಿ ಹಂಗಾಮಿಯಾಗಿಯೇ ಬಂದದ್ದು, ಅದೇ ಸೀಸನ್‌ನಲ್ಲಿ ಮೂರು ಕಪ್ ಗೆದ್ದ. ಅಲ್ಲೂ ಉದ್ದದ ಕಾಂಟ್ರ್ಯಾಕ್ಟ್ ಕೊಟ್ಟದ್ದು 2020ರ ಏಪ್ರಿಲ್‌ನಲ್ಲಿ, ತಿಂಗಳುಗಟ್ಟಲೆ ಕೆಲಸ ನೋಡಿದ ಮೇಲೆ. ಹಂಗಾಮಿಗಳೆಲ್ಲ ಕೆಟ್ಟವರು ಅಂತ ನಾನೆಲ್ಲಿ ಹೇಳಿದೆ? ಗೆದ್ದ ಬಿಸಿಯಲ್ಲಿ ಸಹಿ ಹಾಕಬೇಡಿ ಅಂದೆ, ಅಷ್ಟೇ.

ಇದನ್ನೇ ನಮ್ಮ ಹಳೆಯ ಕ್ಲಬ್ಬಿನ ಕಮಿಟಿಯಲ್ಲೂ ಹೇಳಿದ್ದೆ. ಸೀಸನ್ ಮುಗಿಯಲಿ ಅಂತ ಮಿನಿಟ್ಸ್ ಬುಕ್ಕಿನಲ್ಲಿ ನನ್ನ ಕೈಯಾರೆ ಬರೆದಿದ್ದೆ. ಟೀಮ್ ಕೆಳಗೆ ಬಿದ್ದ ಮೇಲೆ ನೋಡಿದರೆ ಆ ಹಾಳೆಯೇ ಇಲ್ಲ! 'ಸೆಕ್ರೆಟರಿ ಸರಿಯಾಗಿ ಸಲಹೆ ಕೊಡಲಿಲ್ಲ' ಅಂತ ನನ್ನ ಮೇಲೇ ಹಾಕಿದರು. ಆಮೇಲೆ ವಾರ್ಷಿಕೋತ್ಸವದಲ್ಲಿ ಎಲ್ಲರನ್ನೂ ಸ್ಟೇಜಿಗೆ ಕರೆದರು, ಬಾಲ್ ಎತ್ತಿಕೊಡುತ್ತಿದ್ದ ಹುಡುಗರನ್ನೂ ಕರೆದರು. ನಾನು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದೆ. ಆ ಅಧ್ಯಕ್ಷರು ಈಗಲೂ ಹಬ್ಬಕ್ಕೆ ಹೂವಿನ ಫೋಟೋ ಕಳಿಸುತ್ತಾರೆ. ನಾನು ತೆರೆದೇ ನೋಡುವುದಿಲ್ಲ.

ಏನು ಹೇಳುತ್ತಿದ್ದೆ... ಹಾಂ, ಲೈಸೆನ್ಸ್! ಮೊದಲೇ ಹೇಳಬೇಕಿತ್ತು. ಅವನ ಹತ್ತಿರ ಯಾವ ಕೋಚಿಂಗ್ ಲೈಸೆನ್ಸ್ ಇದೆ ಅಂತ ಕೇಳಿದಿರಾ? ಮೇಲಿನ ಲೀಗ್‌ಗಳಲ್ಲಿ ಹೆಡ್ ಕೋಚ್‌ಗೆ ಪ್ರೋ ಲೈಸೆನ್ಸ್, ಅಂದರೆ ಕೋಚ್‌ಗಳ ಅತಿ ಮೇಲಿನ ದರ್ಜೆಯ ಲೈಸೆನ್ಸ್, ಕೇಳುತ್ತಾರೆ. ಹಂಗಾಮಿಗೆ ಸ್ವಲ್ಪ ದಿನ ವಿನಾಯಿತಿ ಸಿಗಬಹುದು, ಖಾಯಂಗೆ ಸಿಗುವುದು ಕಷ್ಟ. ನಿಮ್ಮ ಲೀಗ್ ನಿಯಮ ಏನಿದೆ ಅಂತ ಭಾನುವಾರಕ್ಕೆ ಮುಂಚೆ ಓದಿಕೋ. ಇನ್ನೊಂದು, ಆ ಆರು ಮ್ಯಾಚ್ ಯಾರ ಮೇಲೆ ಗೆದ್ದದ್ದು ನೋಡು, ಎಲ್ಲ ಕೆಳಗಿನವರಾ? ಸೀಸನ್ ಮುಗಿಯುವವರೆಗೆ ಅವನೇ ಇರಲಿ, ಸಂಬಳ ಮಾತ್ರ ಈಗಲೇ ಹೆಡ್ ಕೋಚ್‌ದೇ ಕೊಡಿ. ಬೇರೆಯವರು ಬಂದರೆ ಅವನ ಹಳೆಯ ಕೆಲಸ ಅವನಿಗೇ ಅಂತ ಕಾಗದದಲ್ಲಿ ಬರೆಸಿ. ಬಾಯಿಮಾತು ಬೇಡ. ಭಾನುವಾರದ ಮಿನಿಟ್ಸ್ ಹಾಳೆಯ ಫೋಟೋನೂ ನಿನ್ನ ಫೋನಿನಲ್ಲಿ ಇಟ್ಟುಕೋ.