ಸ್ಪ್ಯಾನಿಷ್‌ನಲ್ಲಿ 'ಟೇಕ್'ಗೆ ಯಾವ ಕ್ರಿಯಾಪದ? ಅನುಭವ ಇರೋರು ಹೇಳಿ

ಕೇಳಿದವರು: ಮೇ ತಿಂಗಳಲ್ಲಿ ಡೆಲೆ ಅನ್ನೋ ಸ್ಪ್ಯಾನಿಷ್ ಪರೀಕ್ಷೆಯ ಎ2 ಹಂತ ಬರೀತಿದೀನಿ. ಟೇಕ್ ಬಂದಲ್ಲೆಲ್ಲ 'ತೊಮಾರ್' ಹಾಕ್ತೀನಿ, ಮೇಡಂ ಕೆಂಪಿಂಕಲ್ಲಿ ಹೊಡೀತಾರೆ. ಯೆವಾರ್, ಸಕಾರ್, ಕೊಹೆರ್ ಎಲ್ಲಾ ಹೆಂಗೆ ನೆನಪಿಟ್ಕೊಂಡ್ರಿ?

ರಾಗಿಮುದ್ದೆ: ಇಂಗ್ಲಿಷ್ ಬಿಡಿ ಗುರು, ಕನ್ನಡದಿಂದ ಹೋಗಿ. ತಗೊಂಡೋಗೋದು ಯೆವಾರ್, ತಗೊಂಬರೋದು ತ್ರಾಯೆರ್, ಫೋಟೋ ತೆಗೆಯೋದು ಸಕಾರ್, ಬಸ್ ಹಿಡಿಯೋದು ಕೊಹೆರ್, ಟೈಮ್ ಹಿಡಿಯೋದು ತರ್ದಾರ್, ಕಾಫಿ ತಗೊಳ್ಳೋದಷ್ಟೇ ತೊಮಾರ್. ಕಾನ್ವೆಂಟ್‌ನೋರೆಲ್ಲ ಒದ್ದಾಡ್ತಿದ್ರು, ಸರ್ಕಾರಿ ಸ್ಕೂಲಿನೋನು ನಾನೇ ಬ್ಯಾಚಿಗೆ ಫಸ್ಟು.

ಮಲ್ಲೇಶ್ವರದ ಹುಡ್ಗಿ: ಕೊಹೆರ್ ಹೇಳ್ಕೊಟ್ರಲ್ಲ ಮಹಾನುಭಾವರೇ, ಮೆಕ್ಸಿಕೋದವರ ಮುಂದೆ ಅಂದು ನೋಡಿ! ನಮ್ ಕ್ಲಾಸಲ್ಲಿ ಬರೀ ಸ್ಪೇನ್ ಸ್ಪ್ಯಾನಿಷ್, ಫೀಸು 18 ಸಾವಿರ, ಪುಸ್ತಕಕ್ಕೆ ಬೇರೆ 1,400, ಜೆರಾಕ್ಸ್ ನಡೆಯಲ್ಲ ಒರಿಜಿನಲ್ಲೇ ಬೇಕಂತೆ, ಇಷ್ಟೆಲ್ಲಾ ಸುರಿದು ಕೆಲಸ ಸಿಕ್ಕಿದ್ದು ಮೆಕ್ಸಿಕೋ ಕ್ಲೈಂಟಿಗೆ. ಮೊದಲ ಫೋನ್ ಕಾಲಲ್ಲೇ ಬಸ್ಸಿಗೆ ಕೊಹೆರ್ ಅಂದೆ, ಆ ಕಡೆ ಒಬ್ಬೊಬ್ರಾಗಿ ಮ್ಯೂಟಾದ್ರು, ನಗೋಕೆ. ಅಲ್ಲಿ ಅದು ಹಾಸಿಗೆ ಮಾತು, ಅರ್ಜೆಂಟೀನಾದಲ್ಲೂ ಅಷ್ಟೇ. ಕ್ಲಾಸಿನೋರನ್ನ ಕೇಳಿದ್ರೆ "ಸಿಲಬಸ್ಸೇ ಹಂಗೆ ಮೇಡಂ".

ವಲೆನ್ಸಿಯಾ ವಾಸಿ: ಇಲ್ಲಿ ದಿನಾ ಕೊಹೆರ್ ಅಂತೀನಿ, ಕೊಲಂಬಿಯಾದೋರೂ ಆರಾಮಾಗಿ ಅಂತಾರೆ. ಮೆಕ್ಸಿಕೋ ತೋರಿಸಿ ಪಾಪ ಹೆದರಿಸ್ಬೇಡಿ. ಆದ್ರೆ ರಾಗಿಮುದ್ದೆಯವರ ಸೂತ್ರನೂ ಪೂರ್ತಿ ನಡಿಯಲ್ಲ ರೀ. ಬಾಗಿಲು ಬಡಿದ್ರೆ ನಾವು "ಬಂದೆ" ಅಂತೀವಿ, ಇವರು "ಯಾ ವೋಯ್" ಅಂತಾರೆ, ಅಂದ್ರೆ 'ಹೊರಟೆ'. "ನಿಮ್ಮನೆಗೆ ಕೇಕ್ ತಗೊಂಬರ್ತೀನಿ" ಅನ್ನೋಕೂ ಯೆವಾರ್ ಬೇಕು, ತ್ರಾಯೆರ್ ಅಲ್ಲ.

ರಾಗಿಮುದ್ದೆ: ಒಂದು ತಪ್ಪು ಹುಡುಕಿದ್ರಿ, ಸಂತೋಷ. "ನಂಗಿಷ್ಟ"ಕ್ಕೆ "ಮೆ ಗುಸ್ತಾ", ಪಕ್ಕಾ ನಮ್ ವ್ಯಾಕರಣ ಅಲ್ವಾ? ಫಾರಿನ್ನಲ್ಲಿದ್ರೆ ಕನ್ನಡ ಮರೆತೋಗುತ್ತೆ ಬಿಡಿ.

ವಲೆನ್ಸಿಯಾ ವಾಸಿ: ಮರೆತಿದ್ರೆ ನಿಮಗೆ ಉತ್ತರ ಕೊಡ್ತಿದ್ನಾ?

ಧಾರವಾಡ ಫೇಡಾ: ಕ್ರಿಯಾಪದ ಮಣ್ಣಾಗ ಹೋಗ್ಲಿ ಬಿಡ್ರಿ. ನನಗ ಡೆಲೆದಾಗ ಓದು-ಬರಹಕ್ಕ 50ಕ್ಕ 44, ಕೇಳೂದು-ಮಾತಾಡೂದರಾಗ 28.67. ಒಟ್ಟು 72ರ ಮ್ಯಾಲ, ಆದ್ರೂ ಫೇಲ್! ಎರಡೂ ಗುಂಪಿನ್ಯಾಗ 30 ಆದ್ರೂ ಬರಬೇಕಂತ. 1.33 ಮಾರ್ಕಿಗೆ ಫೀಸೂ ಹೋತು, ಟ್ರೇನ್ ಚಾರ್ಜೂ ಹೋತು, ಲಾಡ್ಜಿನ ಬಾಡಗೀನೂ ಹೋತು. ಸಿಯೆಲೆ ಅಂತ ಇನ್ನೊಂದು ಸ್ಪ್ಯಾನಿಷ್ ಪರೀಕ್ಷಾ ಐತಿ, ಅದನ್ನ ಬರೀರಿ, ಅದರಾಗ ಪಾಸು-ಫೇಲೇ ಇಲ್ಲ.

ಮಲ್ಲೇಶ್ವರದ ಹುಡ್ಗಿ: ಸಿಯೆಲೆ ಸರ್ಟಿಫಿಕೇಟು 5 ವರ್ಷಕ್ಕೆ ಮುಗಿಯುತ್ತೆ, ಡೆಲೆ ಜೀವಮಾನ ಪೂರ್ತಿ. ಸೋತೋರು ಸಲಹೆ ಕೊಡ್ಬೇಡಿ.

ಧಾರವಾಡ ಫೇಡಾ: ಸೋತೋರಿಗೇ ಗೊತ್ತಿರ್ತದ್ರೀ ಅಕ್ಕಾರ, ಎಲ್ಲಿ ಕೊಯ್ತಾರಂತ. ಮ್ಯೂಟ್ ಮಾಡಿ ನಕ್ಕಿದ್ದು ನಮಗಲ್ಲ.

ಕೇಳಿದವರು: ಸಾರ್, ಮೇಡಂ, 'ಟೇಕ್ ಆ್ಯನ್ ಎಕ್ಸಾಮ್'ಗೆ ಯಾವುದು?

ವಲೆನ್ಸಿಯಾ ವಾಸಿ: ಅಸೆರ್.

ಮಲ್ಲೇಶ್ವರದ ಹುಡ್ಗಿ: ಸ್ಪೇನಲ್ಲಿ! ಮೆಕ್ಸಿಕೋದಲ್ಲಿ ಪ್ರೆಸೆಂತಾರ್.