ಕಡತದ ‘ವರ್ಗಾವಣೆ’: ಇಲ್ಲಿದ್ದದ್ದು ಹೋಗುತ್ತದೆಯೇ, ಉಳಿಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ನಮ್ಮ ಕಚೇರಿಯಲ್ಲಿ ದಿನದ ಲೆಕ್ಕದ ಫೈಲುಗಳು ವಿಂಡೋಸ್ ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ರಾತ್ರಿ 2 ಗಂಟೆಗೆ ಒಂದು ಸ್ಕ್ರಿಪ್ಟ್ (ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳ ಪಟ್ಟಿ) ತಾನಾಗಿಯೇ ಓಡಿ ಅವನ್ನು ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಲ್ಲಿ ನಡೆಯುವ ಸರ್ವರ್‌ಗೆ ಕಳಿಸುತ್ತದೆ. ಹೊಸಬರಿಗೆ ಅನುಕೂಲವಾಗಲಿ ಎಂದು ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆದೆ. ‘ಕಡತಗಳು ರಾತ್ರಿ ಸರ್ವರ್‌ಗೆ ವರ್ಗಾವಣೆಯಾಗುತ್ತವೆ’ ಅಂತ ಅದರಲ್ಲಿತ್ತು. ಓದಿದ ಸಹೋದ್ಯೋಗಿ ಕೇಳಿದರು: “ಹಾಗಾದ್ರೆ ಬೆಳಿಗ್ಗೆ ಬಂದು ನೋಡಿದ್ರೆ ಇಲ್ಲಿ ಇರೋದಿಲ್ವಾ?”

ಅವರು ಕೇಳಿದ್ದು ಸರಿಯೇ. ಮೇಷ್ಟ್ರಿಗೆ ವರ್ಗಾವಣೆಯಾದರೆ ಹಳೆಯ ಶಾಲೆಯಲ್ಲಿ ಅವರ ಕುರ್ಚಿ ಖಾಲಿ. ಹಣ ವರ್ಗಾಯಿಸಿದರೆ ನಮ್ಮ ಖಾತೆಯಲ್ಲಿ ಅಷ್ಟು ಕಡಿಮೆ. ಫೈಲು ಹಾಗಲ್ಲ, ಅಲ್ಲಿಗೂ ಹೋಗುತ್ತದೆ, ಇಲ್ಲೂ ಉಳಿಯುತ್ತದೆ. ಕಂಪ್ಯೂಟರುಗಳ ನಡುವೆ ಫೈಲು ಕಳಿಸುವ ನಿಯಮಾವಳಿ ಎಫ್‌ಟಿಪಿ (ಫೈಲ್ ಟ್ರಾನ್ಸ್‌ಫರ್ ಪ್ರೊಟೊಕಾಲ್). 1971ರಲ್ಲಿ ಅಭಯ್ ಭೂಷಣ್ ಅದನ್ನು ಮೊದಲು ಬರೆದಿಟ್ಟಾಗಲೇ ಅದರ ಹೆಸರಿನಲ್ಲಿ ‘ಟ್ರಾನ್ಸ್‌ಫರ್’ ಇತ್ತು. ನಾವು ಅದನ್ನೇ ಕನ್ನಡಕ್ಕೆ ತಂದುಕೊಂಡೆವು. ಆದರೆ ಎಫ್‌ಟಿಪಿ ಬಳಸುವವರು ಕೊಡುವ ಆಜ್ಞೆಗಳು ‘ಗೆಟ್’ ಮತ್ತು ‘ಪುಟ್’. ‘ತಾ’, ‘ಇಡು’ ಅಂದರೆ ಮುಗಿಯಿತು, ಎಷ್ಟು ಚೆಂದ ಅಲ್ವಾ?

‘ರವಾನೆ’ಯೂ ಹೊಂದುವುದಿಲ್ಲ. ಅಡಿಕೆ ಮೂಟೆ ರವಾನೆಯಾದ ಮೇಲೆ ಮಂಡಿಯಲ್ಲಿ ಉಳಿಯುವುದಿಲ್ಲ. ‘ನಕಲು’ ತಾಲ್ಲೂಕು ಕಚೇರಿಯಲ್ಲಿ ಮರ್ಯಾದೆಯ ಮಾತು, ಪರೀಕ್ಷೆಯ ಕೋಣೆಯಲ್ಲಿ ಅಲ್ಲ. ನನ್ನ ಮನಸ್ಸು ‘ಪ್ರತಿ ಕಳಿಸು’ ಕಡೆಗಿದೆ. ‘ಕಡತ’ದ ಜೊತೆ ‘ಪ್ರತಿ’ ಚೆನ್ನಾಗಿ ಕೂರುತ್ತದೆ. ಹಿಂದೆ ಕಡತ ಎಂದರೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮಡಿಕೆ ಪುಸ್ತಕ. ಬಳಪದಲ್ಲಿ ಬರೆಯಬಹುದಿತ್ತು, ಅಳಿಸಿ ಮತ್ತೆ ಬರೆಯಬಹುದಿತ್ತು. ಕಂಪ್ಯೂಟರ್ ಫೈಲಿಗೆ ಇದಕ್ಕಿಂತ ಒಪ್ಪುವ ಪದ ನನಗೆ ಕಂಡಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ಓಲೆಗರಿಯಿಂದ ಪ್ರತಿ ಮಾಡುವಾಗ ಪಾಠಾಂತರಗಳು, ಅಂದರೆ ಮೂಲಕ್ಕಿಂತ ಬೇರೆಯಾದ ಪದಗಳು, ಬರುತ್ತಿದ್ದವು. ಫೈಲಿಗೂ ಅದು ತಪ್ಪಿದ್ದಲ್ಲ. ವಿಂಡೋಸ್ ಒಂದೊಂದು ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಎರಡು ಗುರುತು ಇಡುತ್ತದೆ, ಲಿನಕ್ಸ್ ಒಂದೇ ಇಡುತ್ತದೆ. ಎಫ್‌ಟಿಪಿಯ ಆಸ್ಕಿ ಮೋಡಿನಲ್ಲಿ (ಪಠ್ಯ ಕಳಿಸುವ ಬಗೆ) ಕಳಿಸಿದರೆ ಸಾಲಿನ ಕೊನೆ ಆ ಕಡೆಯ ಪದ್ಧತಿಗೆ ಬದಲಾಗುತ್ತದೆ. ಪಠ್ಯಕ್ಕೆ ಅದೇ ಬೇಕು. ಫೋಟೋವನ್ನು ಹಾಗೆ ಕಳಿಸಿದರೆ ಕೆಟ್ಟುಹೋಗುತ್ತದೆ, ಅದಕ್ಕೆ ಏನನ್ನೂ ಬದಲಿಸದ ಬೈನರಿ ಮೋಡ್ ಬೇಕು. ಟಿಪ್ಪಣಿಯಲ್ಲಿ ಸದ್ಯಕ್ಕೆ ‘ಸಾಲು ಹೊಂದಿಸಿ ಕಳಿಸು’, ‘ಇದ್ದ ಹಾಗೇ ಕಳಿಸು’ ಎಂದು ಬರೆದಿದ್ದೇನೆ.

‘ಸ್ಕ್ರಿಪ್ಟ್’ ಪದವನ್ನು ಸುಮ್ನೆ ಹಾಗೇ ಬಿಟ್ಟೆ. ‘ಲಿಪಿ’ ಎಂದರೆ ಕನ್ನಡ ಲಿಪಿಯ ಜೊತೆ ಗೊಂದಲವಾಗುತ್ತದೆ.

‘ಪ್ರತಿ ಕಳಿಸು’ ಓದಿದರೆ ಮೂಲ ಇಲ್ಲೇ ಉಳಿಯುತ್ತದೆ ಎಂದು ನಿಮಗೆ ತಕ್ಷಣ ತಿಳಿಯುತ್ತದೆಯೇ? ಆ ಎರಡು ಮೋಡುಗಳಿಗೆ ನೀವು ದಿನಾ ಬಳಸುವ ಇನ್ನೂ ಚಿಕ್ಕ ಮಾತಿದ್ದರೆ ದಯವಿಟ್ಟು ತಿಳಿಸಿ.