ಅಪ್‌ಡೇಟ್: ಗೇಮ್ ಚಿತ್ರಗಳಿಗೆ ಕೊನೆಗೆ ಆರಿಸಿದ್ದು

ನಮ್ಮ 2ಡಿ ಗೇಮ್‌ನ ಚಿತ್ರಗಳಿಗೆ, ಚಿತ್ರ ಮಾಡಿಕೊಡುವ ಎಐ ಟೂಲ್‌ಗಳಲ್ಲಿ ಮಿಡ್‌ಜರ್ನಿ ಆಗುತ್ತಾ, ಸ್ಟೇಬಲ್ ಡಿಫ್ಯೂಷನ್ ಆಗುತ್ತಾ ಅಂತ ಇಲ್ಲಿ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಕೊನೆಗೆ ಸ್ಟೇಬಲ್ ಡಿಫ್ಯೂಷನ್ ಎಕ್ಸ್‌ಎಲ್ ಹಿಡಿದಿದ್ದೇವೆ.

ಒಂಟಿ ಚಿತ್ರದ ಅಂದಕ್ಕೆ ಮಿಡ್‌ಜರ್ನಿಯೇ ಮುಂದೆ, ಎರಡು ಮಾತಿಲ್ಲ. ಆದರೆ ನಮಗೆ ಬೇಕಿದ್ದದ್ದು ಒಂದೇ ಪಾತ್ರ, ಹತ್ತಾರು ಭಂಗಿ. ಸ್ಟೇಬಲ್ ಡಿಫ್ಯೂಷನ್ ಜೊತೆ ಬಳಸುವ ಕಂಟ್ರೋಲ್‌ನೆಟ್‌ಗೆ (ಚಿತ್ರದ ಭಂಗಿಯನ್ನು ಹಿಡಿತದಲ್ಲಿಡುವ ಟೂಲ್) ಕಡ್ಡಿಗೊಂಬೆಯಂಥ ಭಂಗಿ ಕೊಟ್ಟರೆ ಕೈಕಾಲು ಹೆಚ್ಚುಕಮ್ಮಿ ಹಾಗೇ ಬರುತ್ತವೆ. ತಂಗಿ ಬಿಡಿಸಿದ ಸ್ಕೆಚ್‌ಗಳಿಂದ ಲೋರಾ (ಎಐಗೆ ನಮ್ಮ ಪಾತ್ರವನ್ನು ಕಲಿಸುವ ಚಿಕ್ಕ ಆಡ್-ಆನ್) ಟ್ರೈನ್ ಮಾಡಿದ ಮೇಲೆ ಮುಖವೂ ಜಾಸ್ತಿ ಬದಲಾಗುತ್ತಿಲ್ಲ. ಬೆರಳುಗಳನ್ನು ಮಾತ್ರ ಈಗಲೂ ನಾವೇ ತಿದ್ದಬೇಕು! ಹಳೇ ಗೇಮ್‌ಗಳಂತೆ ಚಿಕ್ಕ ಚೌಕಗಳಿಂದ ಮಾಡುವ ಪಿಕ್ಸೆಲ್ ಆರ್ಟ್ ಕೇಳಿದರೆ ಚೌಕಗಳ ಗ್ರಿಡ್ ಸರಿಯಾಗಿ ಕೂರಲಿಲ್ಲ, ಬಿಟ್ಟೆವು.

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ತಮ್ಮ ಗೇಮ್ ಹಾಕುವವರು ಗಮನಿಸಿ: 2024ರ ಜನವರಿಯಿಂದ ಅಲ್ಲಿ ಎಐ ಬಳಕೆಯನ್ನು ತಿಳಿಸಬೇಕು. ನಾಯಕಿಯ ಕವರ್ ಚಿತ್ರವನ್ನು ತಂಗಿಯೇ ಬಿಡಿಸುತ್ತಾಳೆ. ಬರೀ ಪ್ರಾಂಪ್ಟ್‌ನಿಂದ (ಎಐಗೆ ಬರೆದು ಕೊಡುವ ಸೂಚನೆಯಿಂದ) ಬಂದ ಚಿತ್ರಕ್ಕೆ ಅಮೆರಿಕದಲ್ಲಿ ಕಾಪಿರೈಟ್ ಸಿಗಲ್ಲ ಅಲ್ವಾ, ಅದಕ್ಕೆ.